ಹಸಿರು ಬೋರ್ಡ್ ಕಂಡರೆ ಸಾಲದು, ಅಕ್ಷರದ ಬಣ್ಣವನ್ನೂ ಓದಬೇಕು

ಸಂಪಾದಕರಿಗೆ,

ಮಾನ್ಯರೇ,

ವೈಟ್‌ಬೋರ್ಡ್ ಅಂದರೆ ಸ್ವಂತ ಗಾಡಿ, ಯೆಲ್ಲೋಬೋರ್ಡ್ ಅಂದರೆ ಬಾಡಿಗೆ ಗಾಡಿ. ಕಾನೂನು ಪುಸ್ತಕ ತೆರೆಯದವರಿಗೂ ಈ ಎರಡು ಮಾತು ಬಾಯಿಪಾಠ. ವಿದ್ಯುತ್ ವಾಹನಗಳು ಬಂದ ಮೇಲೆ ಈ ಪಟ್ಟಿಗೆ ‘ಗ್ರೀನ್‌ಬೋರ್ಡ್’ ಎಂಬ ಮೂರನೆಯ ಹೆಸರು ಸೇರಿಕೊಂಡಿದೆ. ತಪ್ಪು ಶುರುವಾಗುವುದು ಇಲ್ಲಿಯೇ. ಬಿಳಿ ಮತ್ತು ಹಳದಿ ಹಿನ್ನೆಲೆ ಹೇಳುತ್ತಿದ್ದುದು ಗಾಡಿಯ ಬಳಕೆಯನ್ನು. ಹಸಿರು ಹಿನ್ನೆಲೆ ಹೇಳುವುದು ಗಾಡಿ ಯಾವುದರಿಂದ ಓಡುತ್ತದೆ ಎಂಬುದನ್ನು. ಬಳಕೆಯ ಸುದ್ದಿ ಅಲ್ಲಿಂದ ಎದ್ದು ಅಕ್ಷರಗಳ ಬಣ್ಣಕ್ಕೆ ಹೋಗಿ ಕುಳಿತಿದೆ. ನೋಡುವವರ ಕಣ್ಣು ಮಾತ್ರ ಇನ್ನೂ ಹಿನ್ನೆಲೆಯಲ್ಲೇ ನಿಂತಿದೆ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 50ನೇ ನಿಯಮಕ್ಕೆ 2018ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಬ್ಯಾಟರಿಯಿಂದ ಓಡುವ ವಾಹನಕ್ಕೆ ಹಸಿರು ಹಿನ್ನೆಲೆ. ಅದು ಸಾರಿಗೆ ವಾಹನವಾಗಿದ್ದರೆ, ಎಂದರೆ ಟ್ಯಾಕ್ಸಿ, ಆಟೊ, ಗೂಡ್ಸ್ ಗಾಡಿ, ಬಸ್ಸು ಆಗಿದ್ದರೆ, ಹಳದಿ ಅಕ್ಷರ. ಉಳಿದೆಲ್ಲಕ್ಕೂ ಬಿಳಿ ಅಕ್ಷರ. ಬೆಂಗಳೂರಿನಲ್ಲಿ ಓಡುವ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸಿನ ಪ್ಲೇಟನ್ನೂ ಪಕ್ಕದಲ್ಲಿ ನಿಂತ ಸ್ವಂತದ ಎಲೆಕ್ಟ್ರಿಕ್ ಕಾರಿನ ಪ್ಲೇಟನ್ನೂ ಹೋಲಿಸಿ ನೋಡಿದರೆ ಈ ವ್ಯತ್ಯಾಸ ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಯಾವುದು ‘ಬ್ಯಾಟರಿ ವಾಹನ’ ಎಂಬುದಕ್ಕೂ ಅದೇ ನಿಯಮಗಳಲ್ಲಿ ವ್ಯಾಖ್ಯೆ ಇದೆ. ಗಾಡಿಯನ್ನು ಓಡಿಸುವ ಶಕ್ತಿ ವಿದ್ಯುತ್ ಮೋಟಾರಿನದು ಮಾತ್ರ ಆಗಿರಬೇಕು, ಆ ಮೋಟಾರಿಗೆ ಬೇಕಾದ ಶಕ್ತಿ ಗಾಡಿಯೊಳಗಿನ ಬ್ಯಾಟರಿಯಿಂದ ಮಾತ್ರ ಬರಬೇಕು. ಈ ‘ಮಾತ್ರ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ವಾದಗಳು ಅಲ್ಲಿಗೇ ನಿಲ್ಲುತ್ತವೆ. ಸ್ಟ್ರಾಂಗ್ ಹೈಬ್ರಿಡ್ ಕಾರು ಪೇಟೆಯೊಳಗೆ ಎಷ್ಟೋ ದೂರ ಮೋಟಾರಿನ ಮೇಲೆಯೇ ಸದ್ದಿಲ್ಲದೆ ಹೋಗಬಹುದು. ಆದರೂ ಅದರಲ್ಲಿ ಪೆಟ್ರೋಲ್ ಇಂಜಿನ್ ಇದೆ, ಆದ್ದರಿಂದ ಸ್ವಂತ ಬಳಕೆಯದಾದರೆ ಬಿಳಿ ಪ್ಲೇಟೇ. ಚಾರ್ಜರ್‌ಗೆ ಸಿಕ್ಕಿಸುವ ಪ್ಲಗ್-ಇನ್ ಹೈಬ್ರಿಡ್ಡಿಗೂ ಅದೇ ಮಾತು. ಸಿಎನ್‌ಜಿ ಎಷ್ಟೇ ಶುದ್ಧ ಇಂಧನವಾದರೂ ಹಸಿರು ಪ್ಲೇಟಿಗೆ ಅರ್ಹವಲ್ಲ. ಹಿಂಬದಿಯಲ್ಲಿ ‘ಹೈಬ್ರಿಡ್’ ಎಂದು ನೀಲಿ ಬ್ಯಾಡ್ಜ್ ಇದೆ ಎಂದುಕೊಂಡು ಹಸಿರು ರೇಡಿಯಂ ಹಾಳೆ ಅಂಟಿಸಿಕೊಂಡವರು ನಿಯಮ ಮುರಿದಂತೆಯೇ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಒಂದೇ ಮಾದರಿಯ ಕಾರು ಈಗ ನಾಲ್ಕು ಬಗೆಯಲ್ಲಿ ಬರುತ್ತಿದೆ. ಟಾಟಾ ನೆಕ್ಸಾನ್ ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ಎಲೆಕ್ಟ್ರಿಕ್ ನಾಲ್ಕರಲ್ಲೂ ಉಂಟು. ಹತ್ತು ಮಾರು ದೂರದಿಂದ ಇವುಗಳ ನಡುವೆ ಫರಕು ಹೇಳುವುದು ಮೆಕ್ಯಾನಿಕ್ಕಿಗೂ ಕಷ್ಟ. ಅದು ಎಲೆಕ್ಟ್ರಿಕ್ ಹೌದೋ ಅಲ್ಲವೋ ಎಂದು ದೂರದಿಂದಲೇ ಹೇಳಬಲ್ಲದ್ದು ನಂಬರ್ ಪ್ಲೇಟ್ ಒಂದೇ.

ಉಳಿದ ಬಣ್ಣಗಳನ್ನು ಬೇಗ ಮುಗಿಸುತ್ತೇನೆ. ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರವಿದ್ದರೆ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಹಳದಿಗೆ ಕೆಂಪು ಅಕ್ಷರ ತಾತ್ಕಾಲಿಕ ನೋಂದಣಿ. ಕೆಂಪಿಗೆ ಬಿಳಿ ಅಕ್ಷರ ಶೋರೂಮಿನವರ ಟ್ರೇಡ್ ನಂಬರ್. ತಿಳಿನೀಲಿ ರಾಯಭಾರ ಕಚೇರಿಗಳದು. ಬಾಣದ ಗುರುತು ಇದ್ದರೆ ಸೇನೆಯದು. ಶೋರೂಮಿನ ಹಳದಿ-ಕೆಂಪು ತಾತ್ಕಾಲಿಕ ಪ್ಲೇಟಿನಲ್ಲಿ ಹೊಸ ಎಲೆಕ್ಟ್ರಿಕ್ ಕಾರು ಹೊರಬಂದರೆ ಅದನ್ನು ಕಂಡು ‘ಇದು ಎಲೆಕ್ಟ್ರಿಕ್ ಅಲ್ಲ’ ಎನ್ನಬಾರದು. ತಾತ್ಕಾಲಿಕ ಪ್ಲೇಟು ಇಂಧನದ ಸುದ್ದಿಯನ್ನು ಎತ್ತುವುದೇ ಇಲ್ಲ.

ಈಗ ಅಕ್ಷರದ ಬಣ್ಣಕ್ಕೆ ಬರೋಣ. ಆ್ಯಪ್‌ನಲ್ಲಿ ಕಾರು ಕರೆಸಿಕೊಂಡಾಗ ವೈಟ್‌ಬೋರ್ಡ್ ಬಂದರೆ ಅನುಮಾನಪಡುವ ನಾವು, ಹಸಿರು ಪ್ಲೇಟಿನದು ಬಂದರೆ ‘ಎಲೆಕ್ಟ್ರಿಕ್ ಟ್ಯಾಕ್ಸಿ’ ಎಂದುಕೊಂಡು ಹತ್ತಿಬಿಡುತ್ತೇವೆ. ಅದರ ಅಕ್ಷರ ಬಿಳಿಯಾಗಿದ್ದರೆ ಅದು ವೈಟ್‌ಬೋರ್ಡೇ. ಸ್ವಂತ ಬಳಕೆಗೆ ನೋಂದಣಿಯಾದ ಗಾಡಿಯ ವಿಮಾ ಪಾಲಿಸಿಯಲ್ಲಿ ‘ಬಾಡಿಗೆಗೆ ಬಳಸುವಂತಿಲ್ಲ’ ಎಂಬ ಷರತ್ತು ಇರುತ್ತದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತಿ ತೋರಿಸುವುದು ಆ ಸಾಲನ್ನೇ. ಒಳಗಿದ್ದ ಪ್ರಯಾಣಿಕರ ಪರಿಹಾರ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಹಾಗಾಗಿ ಹತ್ತುವ ಮೊದಲು ನೋಡಬೇಕಾದದ್ದು ಹಸಿರನ್ನಲ್ಲ, ಹಸಿರಿನ ಮೇಲಿನ ಹಳದಿಯನ್ನು.

ಇದರ ಜೊತೆಗೆ ಹೆಣೆದುಕೊಂಡ ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಸಾರಿಗೆ ವಾಹನಗಳಿಗೆ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿತು. ಅದನ್ನು ಕೆಲವರು ‘ಹಸಿರು ಪ್ಲೇಟಿದ್ದರೆ ಬಾಡಿಗೆ ಓಡಿಸಬಹುದು’ ಎಂದು ಓದಿಕೊಂಡರು. ವಿನಾಯಿತಿ ಸಿಕ್ಕಿದ್ದು ಪರ್ಮಿಟ್‌ಗೆ ಮಾತ್ರ. ಗಾಡಿ ಸಾರಿಗೆ ವಾಹನ ಎಂದೇ ನೋಂದಣಿಯಾಗಿರಬೇಕು, ಫಿಟ್‌ನೆಸ್ ಪ್ರಮಾಣಪತ್ರ ಇರಬೇಕು, ವಾಣಿಜ್ಯ ವಿಮೆ ಇರಬೇಕು. ಟೋಲ್ ವಿಷಯವೂ ಹೀಗೆಯೇ. ಮಹಾರಾಷ್ಟ್ರ 2025ರಲ್ಲಿ ಮುಂಬೈನ ಅಟಲ್ ಸೇತುವಿನಂಥ ಕಡೆ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಮನ್ನಾ ಮಾಡಿದ್ದನ್ನು ಓದಿ, ನಮ್ಮ ರಾಷ್ಟ್ರೀಯ ಹೆದ್ದಾರಿಯ ಟೋಲ್ ಗೇಟಿನಲ್ಲಿ ವಾದಕ್ಕೆ ನಿಂತರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆಯೇ ಹೊರತು ಗೇಟು ಏಳುವುದಿಲ್ಲ.

ಮುಂಗಾಜಿನ ಒಳಬದಿಯ ಸ್ಟಿಕ್ಕರ್ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಹಸಿರು ಅಲ್ಲಿಯೂ ಇದೆ, ಬೇರೆ ಅರ್ಥದಲ್ಲಿ. ಅದನ್ನು ನಿಯಮದಲ್ಲಿ ‘ಮೂರನೇ ನೋಂದಣಿ ಗುರುತು’ ಎನ್ನುತ್ತಾರೆ. 100 ಮಿ.ಮೀ. ಅಗಲ, 60 ಮಿ.ಮೀ. ಎತ್ತರದ ಹಾಲೊಗ್ರಾಂ ಚೀಟಿ, ಕಿತ್ತರೆ ಹರಿದುಹೋಗುವಂಥದ್ದು. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು. ಎಲೆಕ್ಟ್ರಿಕ್ ಕಾರು ಈ ‘ಉಳಿದವು’ ಗುಂಪಿಗೆ ಸೇರುತ್ತದೆ. 2020ರಲ್ಲಿ ಹೊಗೆ ಮಿತಿಯ ಹೊಸ ಮಾನದಂಡ ಬಿಎಸ್-6 ಬಂದಾಗ ಆ ಮಟ್ಟದ ಕಾರುಗಳ ಸ್ಟಿಕ್ಕರಿನ ತಲೆಯ ಮೇಲೆ 1 ಸೆಂ.ಮೀ. ಅಗಲದ ಹಸಿರು ಪಟ್ಟಿ ಸೇರಿಸಿದರು. ಫಲಿತಾಂಶ ನೋಡಿ: ಹೊಗೆ ಕೊಳವೆಯಿರುವ ಡೀಸೆಲ್ ಕಾರಿನ ಗಾಜಿನಲ್ಲಿ ಹಸಿರು ಪಟ್ಟಿ, ಹೊಗೆಯೇ ಇಲ್ಲದ ಎಲೆಕ್ಟ್ರಿಕ್ ಕಾರಿನ ಗಾಜಿನಲ್ಲಿ ಬೂದು ಚೀಟಿ. ಯಾವ ಮೇಜಿನ ಮೇಲೆ ಯಾವ ಕಡತ ಇತ್ತೋ ತಿಳಿಯದು! ಗಾಜಿನ ಹಸಿರನ್ನು ನೋಡಿ ಪಾರ್ಕಿಂಗ್‌ನ ಚಾರ್ಜಿಂಗ್ ಜಾಗ ಬಿಟ್ಟುಕೊಡುವ ಕಾವಲುಗಾರನನ್ನು ಬೈದು ಪ್ರಯೋಜನವಿಲ್ಲ.

ಪ್ಲೇಟೇ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್‌ಗಳೂ ಇವೆ. ಮೋಟಾರಿನ 30 ನಿಮಿಷದ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯೊಳಗೆ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಪ್ಲೇಟು ಬೇಡ, ಲೈಸೆನ್ಸ್ ಬೇಡ. ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್‌ನಲ್ಲಿ ವೇಗ ಕಟ್ಟಿಹಾಕುವ ಒಂದು ವೈರನ್ನು ಬಿಡಿಸಿಯೋ ಕಂಟ್ರೋಲರನ್ನೇ ಬದಲಿಸಿಯೋ ಅದನ್ನು 40 ಕಿ.ಮೀ. ವೇಗಕ್ಕೆ ಏರಿಸಿದ ಕ್ಷಣ ಅದು ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ಹೊರನೋಟಕ್ಕೆ ಏನೂ ಬದಲಾಗಿರುವುದಿಲ್ಲ. ಅಂಗಡಿಯವರು ‘ಸ್ಪೀಡ್ ಲಾಕ್ ತೆಗೆದುಕೊಡುತ್ತೇವೆ’ ಎಂದರೆ ಒಪ್ಪಿಕೊಳ್ಳಬೇಡಿ. ಡಿಕ್ಕಿಯಾದ ದಿನ ಆ ಗಾಡಿಗೆ ವಿಮೆ ಇಲ್ಲ, ಓಡಿಸಿದವರಿಗೆ ಲೈಸೆನ್ಸ್ ಇಲ್ಲ, ಹೊಣೆ ಮಾತ್ರ ಇದೆ.

ಇದಕ್ಕೆ ತಿರುಗುಮುರುಗಾದ ಸ್ಥಿತಿ ಹಳೆಯ ಎಲೆಕ್ಟ್ರಿಕ್ ಕಾರುಗಳದು. ಈ ದೇಶದ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಬೆಂಗಳೂರಿನಿಂದಲೇ ಹೊರಬಂತು. ಆಮೇಲೆ 2013ರಲ್ಲಿ ಮಹೀಂದ್ರದ ಇ2ಒ. ಇವೆಲ್ಲ ಹಸಿರು ಪ್ಲೇಟಿನ ನಿಯಮ ಹುಟ್ಟುವ ಮೊದಲೇ ರಸ್ತೆಗಿಳಿದವು, ಆದ್ದರಿಂದ ಬಿಳಿ ಪ್ಲೇಟಿನಲ್ಲಿ ಇಳಿದವು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಎಲ್ಲ ವಾಹನಗಳಿಗೂ ಹೈ ಸೆಕ್ಯುರಿಟಿ ಪ್ಲೇಟು ಹಾಕಿಸಬೇಕೆಂದು ಕರ್ನಾಟಕ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆ ಈ ಕಾರುಗಳಿಗೂ ಅನ್ವಯಿಸುತ್ತದೆ. ಬಣ್ಣ ಸರಿಪಡಿಸಿಕೊಳ್ಳಲು ಇದೇ ಒಳ್ಳೆಯ ಸಂದರ್ಭ. ಗಡುವು ಮುಂದಕ್ಕೆ ಹೋದದ್ದೇ ಹೋದದ್ದು, ಬಣ್ಣದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಹಳೆಯ ಎಲೆಕ್ಟ್ರಿಕ್ ಗಾಡಿ ಇಟ್ಟುಕೊಂಡವರು ಪ್ಲೇಟು ಬುಕ್ ಮಾಡುವ ಮೊದಲು ಆರ್‌ಸಿಯಲ್ಲಿ ‘ಇಂಧನ’ ಎಂಬ ಸಾಲನ್ನು ಓದಿ. ವಾಹನ ನೋಂದಣಿಯ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯಾದ ‘ವಾಹನ್’ ದಾಖಲೆಯಲ್ಲಿ ಅದು ‘ಎಲೆಕ್ಟ್ರಿಕ್ (ಬಿಒವಿ)’, ಎಂದರೆ ಬ್ಯಾಟರಿ ವಾಹನ, ಅಥವಾ ‘ಪ್ಯೂರ್ ಇವಿ’ ಎಂದಿರಬೇಕು. ಪ್ಲೇಟು ಮುದ್ರಿಸುವವರು ಕಾರನ್ನು ನೋಡುವುದಿಲ್ಲ, ದಾಖಲೆಯನ್ನು ನೋಡುತ್ತಾರೆ. ಅಲ್ಲಿ ಇಂಧನ ತಪ್ಪಾಗಿದ್ದರೆ ಅಥವಾ ಖಾಲಿ ಬಿಟ್ಟಿದ್ದರೆ ಬಣ್ಣವೂ ತಪ್ಪುತ್ತದೆ. ತಪ್ಪಿದ್ದರೆ ಮೊದಲು ಆರ್‌ಟಿಒದಲ್ಲಿ ದಾಖಲೆ ತಿದ್ದಿಸಿ, ಆಮೇಲೆ ಪ್ಲೇಟು ಬುಕ್ ಮಾಡಿ. ಇನ್ನೊಂದು ತೊಡಕು: ಅರ್ಜಿ ‘ಇಂಜಿನ್ ನಂಬರ್’ ಕೇಳುತ್ತದೆ. ಇಂಜಿನ್ನೇ ಇಲ್ಲದ ಗಾಡಿಗೆ ಏನು ಬರೆಯುವುದೆಂದು ಕೈಚೆಲ್ಲಬೇಡಿ. ಆರ್‌ಸಿಯಲ್ಲಿ ಅದೇ ಸಾಲಿನಲ್ಲಿ ಇರುವುದು ಮೋಟಾರಿನ ನಂಬರು, ಅದನ್ನೇ ಅಕ್ಷರ ಬಿಡದೆ ತುಂಬಿ. ಸೊನ್ನೆ ಮತ್ತು ‘ಓ’ ಅದಲುಬದಲಾದರೂ ಅರ್ಜಿ ಮುಂದೆ ಹೋಗದು.

ಬಂದ ಪ್ಲೇಟನ್ನು ಗಾಡಿಗೆ ಕೂರಿಸುವ ಮೊದಲೇ ಪರೀಕ್ಷಿಸುವುದು ಜಾಣತನ, ಏಕೆಂದರೆ ಪ್ಲೇಟನ್ನು ಗಾಡಿಗೆ ಹಿಡಿಸುವ ಸ್ನ್ಯಾಪ್ ಲಾಕ್ ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲಾಗದು. ಅಸಲಿ ಪ್ಲೇಟು 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ಎಡಭಾಗದಲ್ಲಿ ಅಶೋಕ ಚಕ್ರವಿರುವ 20 ಮಿ.ಮೀ. ಚೌಕದ ಹಾಲೊಗ್ರಾಂ, ಕೆಳಗಡೆ ಲೇಸರ್‌ನಲ್ಲಿ ಕೊರೆದ ಕ್ರಮಸಂಖ್ಯೆ. ಮುಂದಿನ ಮತ್ತು ಹಿಂದಿನ ಪ್ಲೇಟಿನ ಲೇಸರ್ ಸಂಖ್ಯೆ ಬೇರೆ ಬೇರೆ, ಎರಡೂ ವಾಹನ್ ದಾಖಲೆಗೆ ಸೇರಿರಬೇಕು. ಅಕ್ಷರಗಳು ಉಬ್ಬಿರುತ್ತವೆ, ಅವುಗಳ ಮೇಲೆ ಬಿಸಿಯಾಗಿ ಒತ್ತಿದ ಹಾಳೆಯಲ್ಲಿ ‘ಇಂಡಿಯಾ’ ಎಂಬ ಪದ ಓರೆಯಾಗಿ ಕಾಣುತ್ತದೆ. ಕಾರಿನ ಪ್ಲೇಟು 500 x 120 ಮಿ.ಮೀ. ಅಥವಾ 340 x 200 ಮಿ.ಮೀ., ಅಕ್ಷರದ ಎತ್ತರ 65 ಮಿ.ಮೀ. ಸ್ಕೂಟರಿನ ಹಿಂದಿನದು 200 x 100 ಮಿ.ಮೀ. ರಸ್ತೆಬದಿಯಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಹಸಿರು ಪ್ಲೇಟಿನಲ್ಲಿ ಹಸಿರು ಒಂದೇ ಅಸಲಿ, ಅದೂ ಬಿಸಿಲಿಗೆ ಬೇಗ ಮಾಸುತ್ತದೆ.

ಅಸಲಿ ಪ್ಲೇಟೂ ಕೆಡದೇ ಇರುವುದಿಲ್ಲ. ಸರ್ವಿಸ್ ಸೆಂಟರಿನ ಪ್ರೆಶರ್ ವಾಷರ್‌ನ ಮೂತಿಯನ್ನು ಅಂಚಿಗೆ ಹತ್ತಿರ ಹಿಡಿದರೆ ಪ್ರತಿಫಲನ ಹಾಳೆಯ ತುದಿ ಏಳುತ್ತದೆ, ಅಲ್ಲಿಂದ ನೀರು ನುಗ್ಗಿ ಗುಳ್ಳೆ ಬರುತ್ತದೆ. ಚಕ್ರ ತೊಳೆಯುವ ಆ್ಯಸಿಡ್ ದ್ರಾವಣ ತಾಗಿದರೆ ಅಕ್ಷರದ ಬಣ್ಣ ಸುಲಿಯುತ್ತದೆ.  ಹಸಿರಿನ ಮೇಲಿನ ಬಿಳಿ ಅಕ್ಷರ ಸುಲಿದರೆ ಅಕ್ಷರವೂ ಹಸಿರು, ಹಿನ್ನೆಲೆಯೂ ಹಸಿರು! ಚೆಂದಕ್ಕೆಂದು ಹಾಕುವ ಅಕ್ರಿಲಿಕ್ ಮುಚ್ಚಳ ಮತ್ತು ದಪ್ಪ ಫ್ರೇಮು ಹಾಲೊಗ್ರಾಂ, ಲೇಸರ್ ಸಂಖ್ಯೆ ಎರಡನ್ನೂ ಮುಚ್ಚುತ್ತವೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಬಾಡಿಗೆಗೆ ಓಡಿದ ಎಲೆಕ್ಟ್ರಿಕ್ ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ‘ಪ್ಲೇಟು ಹೇಗೂ ಹಸಿರೇ ಅಲ್ಲವೇ’ ಎಂದು ಮಾರುವವರು ಹೇಳಬಹುದು. ಅಕ್ಷರ ಹಳದಿಯಿದ್ದರೆ ಅದು ಇನ್ನೂ ಸಾರಿಗೆ ವಾಹನ. ಸಾಲವಿದ್ದರೆ ಹಣಕಾಸು ಸಂಸ್ಥೆಯ ಒಪ್ಪಿಗೆ ಪತ್ರ, ತೆರಿಗೆ ಬಾಕಿ ಇಲ್ಲವೆಂಬುದರ ದಾಖಲೆ, ಇ-ಚಲನ್ ಬಾಕಿ ತೀರಿಸಿದ ರಸೀದಿ ಇವನ್ನೆಲ್ಲ ಹೊಂದಿಸಿಕೊಂಡು ಆರ್‌ಟಿಒದಲ್ಲಿ ವರ್ಗ ಬದಲಾವಣೆಗೆ ಅರ್ಜಿ ಹಾಕಬೇಕು. ಆರ್‌ಸಿ ಬದಲಾದ ಮೇಲೆ ವಿಮೆ, ಅದರ ಮೇಲೆ ಬಿಳಿ ಅಕ್ಷರದ ಹೊಸ ಪ್ಲೇಟು. ಪೆಟ್ರೋಲ್ ಗಾಡಿಗೆ ಎಲೆಕ್ಟ್ರಿಕ್ ಕಿಟ್ ಹಾಕಿಸುವವರಿಗೂ ಕ್ರಮ ಇದೇ. ಕಿಟ್ ಎಐಎಸ್-123 ಮಾನದಂಡದಡಿ ಆ ಮಾದರಿಗೇ ಒಪ್ಪಿಗೆ ಪಡೆದದ್ದಾಗಿರಬೇಕು, ಅಧಿಕೃತರೇ ಕೂರಿಸಬೇಕು, ಆರ್‌ಸಿಯಲ್ಲಿ ಇಂಧನ ಬದಲಾಗಬೇಕು. ಅಲ್ಲಿಯವರೆಗೆ ಹಸಿರು ಪ್ಲೇಟು ಹಾಕುವಂತಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಬಣ್ಣವೊಂದನ್ನೇ ನಂಬುವ ಈ ಪದ್ಧತಿಯಲ್ಲಿ ಒಂದು ಹುಳುಕಿದೆ. ರಾತ್ರಿ ಪ್ಲೇಟು ಓದುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಅವುಗಳ ಚಿತ್ರದಲ್ಲಿ ಬಣ್ಣ ಇರುವುದಿಲ್ಲ, ಬೂದಿನ ಏರಿಳಿತ ಮಾತ್ರ. ಬಿಳಿ ಪ್ಲೇಟಿನಲ್ಲಿ ಹಿನ್ನೆಲೆ ಬೆಳಕನ್ನು ವಾಪಸು ಎಸೆಯುತ್ತದೆ, ಕಪ್ಪು ಅಕ್ಷರ ನುಂಗುತ್ತದೆ, ಓದುವುದು ಸುಲಭ. ಹಸಿರು ಪ್ಲೇಟಿನಲ್ಲಿ ಹಿನ್ನೆಲೆಯೂ ಬೆಳಕು ಎಸೆಯುತ್ತದೆ, ಅಕ್ಷರವೂ ತಿಳಿಬಣ್ಣದ್ದು, ಅಂತರ ಕಡಿಮೆಯಾಗಬಹುದು. ಸೋಡಿಯಂ ದೀಪದ ಕೆಳಗೆ ಬರಿಗಣ್ಣಿಗೂ ಬಿಳಿ ಯಾವುದು ಹಳದಿ ಯಾವುದು ಎಂದು ತಿಳಿಯದು. ಹಸಿರು-ಕೆಂಪು ಬಣ್ಣಗುರುಡು ಇರುವವರಿಗೆ ಹಗಲಲ್ಲೂ ಹಸಿರು ಹಿನ್ನೆಲೆಯನ್ನು ಗುರುತಿಸುವುದು ಕಷ್ಟವಾಗಬಹುದು. ಇನ್ನು ಫೋನಿನಲ್ಲಿ ನಂಬರ್ ಓದಿ ಹೇಳಿದರೆ ಕೇಳಿಸಿಕೊಂಡವರಿಗೆ ಅದು ಎಲೆಕ್ಟ್ರಿಕ್ ಎಂಬ ಸುಳಿವೇ ಸಿಗದು.

ಬೇರೆ ಕೆಲವು ದೇಶಗಳು ಇದನ್ನು ನಂಬರಿನೊಳಗೇ ಸೇರಿಸಿವೆ. ಜರ್ಮನಿಯಲ್ಲಿ 2015ರಿಂದ ಎಲೆಕ್ಟ್ರಿಕ್ ಕಾರಿನ ಸಂಖ್ಯೆಯ ಕೊನೆಗೆ ‘ಇ’ ಅಕ್ಷರ ಪಡೆಯಬಹುದು. ನಾರ್ವೆಯಲ್ಲಿ ‘ಇಎಲ್’ನಂಥ ಮೊದಲಕ್ಷರಗಳು. ಚೀನಾದಲ್ಲಿ ಬಣ್ಣವೂ ಬೇರೆ, ಸಂಖ್ಯೆಯೂ ಬೇರೆ: ಸಾಮಾನ್ಯ ಕಾರಿಗೆ ನೀಲಿ ಪ್ಲೇಟು, ‘ಹೊಸ ಶಕ್ತಿ’ಯ (ಎಲೆಕ್ಟ್ರಿಕ್ ಮುಂತಾದ) ಕಾರಿಗೆ ತಿಳಿಯಿಂದ ಗಾಢಕ್ಕೆ ಇಳಿಯುವ ಹಸಿರು, ಜೊತೆಗೆ ಒಂದು ಅಕ್ಷರ ಹೆಚ್ಚು. ಬ್ರಿಟನ್ ಮಾತ್ರ 2020ರ ಡಿಸೆಂಬರ್‌ನಲ್ಲಿ ಪ್ಲೇಟಿನ ಎಡತುದಿಗೆ ಒಂದು ಹಸಿರು ಪಟ್ಟಿ ಸೇರಿಸಿ ಸುಮ್ಮನಾಯಿತು. ನಮ್ಮ ಪ್ಲೇಟಿನಲ್ಲಿ ಒಂದು ಅಕ್ಷರಕ್ಕೆ ಜಾಗ ಮಾಡುವುದು ಕೇಂದ್ರದ ಕೆಲಸ. ಅದು ಆಗಬೇಕು.

ನಂಬರಿನಲ್ಲಿ ಗುರುತು ಬೇಕೆನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣ ಅಗ್ನಿಶಾಮಕ ದಳದವರದು. ಬೆಂಕಿ ಹತ್ತಿದ ಕಾರು ಎಲೆಕ್ಟ್ರಿಕ್ ಎಂದು ಹೊರಡುವ ಮೊದಲೇ ತಿಳಿದರೆ ಹೆಚ್ಚಿನ ನೀರಿನ ವ್ಯವಸ್ಥೆ ಮಾಡಿಕೊಂಡೇ ಹೊರಡಬಹುದು. ಲಿಥಿಯಂ ಬ್ಯಾಟರಿಯ ಬೆಂಕಿಗೆ ನೀರೇ ಮದ್ದು, ಆದರೆ ಅದು ಬಹಳ ಬೇಕು, ಬಹಳ ಹೊತ್ತು ಬೇಕು. ಒಳಗಿನ ಒಂದು ಸೆಲ್ಲಿನ ಕಾವು ಪಕ್ಕದ ಸೆಲ್ಲಿಗೆ ದಾಟುತ್ತ ಹೋಗುವುದರಿಂದ ಆರಿದಂತೆ ಕಂಡದ್ದು ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಆದ್ದರಿಂದ ಎಳೆದು ತಂದ ಗಾಡಿಯನ್ನು ಬೇರೆ ಗಾಡಿಗಳ ಪಕ್ಕ ನಿಲ್ಲಿಸಬಾರದು. ಸ್ಥಳಕ್ಕೆ ಹೋದ ಮೇಲೆ ಪ್ಲೇಟನ್ನು ಹುಡುಕುತ್ತ ನಿಲ್ಲುವುದೂ ಸರಿಯಲ್ಲ. ಮುಂದಿನ ಪ್ಲೇಟು ಡಿಕ್ಕಿಯಲ್ಲಿ ನುಜ್ಜಾಗಿರುತ್ತದೆ, ಮೇಲಿನ ಹಾಳೆ ತಗಡು ಕರಗುವ ಎಷ್ಟೋ ಮೊದಲೇ ಸುಟ್ಟು ಕಪ್ಪಾಗಿರುತ್ತದೆ. ಸೈಲೆನ್ಸರ್ ಕೊಳವೆ ಇಲ್ಲದಿರುವುದು, ಚಾರ್ಜಿಂಗ್ ಬಾಯಿ, ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು ಇವು ಗುರುತು. ಆ ಕಿತ್ತಳೆ ಕೇಬಲ್ಲನ್ನು ಕತ್ತರಿಸಬಾರದು. ಸದ್ದಿಲ್ಲ ಎಂದ ಮಾತ್ರಕ್ಕೆ ಗಾಡಿ ಆಫ್ ಆಗಿದೆ ಎಂದುಕೊಳ್ಳಬಾರದು. ಚಕ್ರಕ್ಕೆ ಅಡ್ಡ ಕೊಟ್ಟು, ಗಾಡಿಯನ್ನು ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ದೂರ ಒಯ್ದು, 12 ವೋಲ್ಟ್ ಬ್ಯಾಟರಿಯ ಸಂಪರ್ಕ ತೆಗೆದರೆ ಮುಖ್ಯ ಬ್ಯಾಟರಿಯ ಕಾಂಟ್ಯಾಕ್ಟರ್‌ಗಳು, ಎಂದರೆ ದೊಡ್ಡ ಸ್ವಿಚ್ಚುಗಳು, ತೆರೆದುಕೊಂಡು ಕೇಬಲ್ಲಿಗೆ ಹೋಗುವ ಹೈವೋಲ್ಟೇಜ್ ಕಡಿಯುತ್ತದೆ. ಬ್ಯಾಟರಿಯೊಳಗಿನ ಶಕ್ತಿ ಮಾತ್ರ ಅಲ್ಲೇ ಇರುತ್ತದೆ.

ಕೇಂದ್ರದ ತಿದ್ದುಪಡಿಗೆ ಕಾಯದೆ ರಾಜ್ಯ ಸಾರಿಗೆ ಇಲಾಖೆ ಈಗಲೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ಆರ್‌ಟಿಒ ಕಚೇರಿ, ಟೋಲ್ ಗೇಟು, ಪಾರ್ಕಿಂಗ್ ತಾಣದಲ್ಲಿ ಕನ್ನಡದಲ್ಲಿ ಒಂದು ಬಣ್ಣದ ಪಟ್ಟಿ ತೂಗುಹಾಕಲಿ, ಹಿನ್ನೆಲೆ ಮತ್ತು ಅಕ್ಷರ ಎರಡನ್ನೂ ತೋರಿಸುವಂಥದ್ದು. ವಾಹನ್ ದಾಖಲೆಯಲ್ಲಿ ಎಲೆಕ್ಟ್ರಿಕ್ ಎಂದಿದ್ದೂ ಬಿಳಿ ಪ್ಲೇಟಿನಲ್ಲಿ ಓಡುತ್ತಿರುವ ಹಳೆಯ ಗಾಡಿಗಳ ಮಾಲೀಕರಿಗೆ ಎಸ್‌ಎಂಎಸ್ ಕಳಿಸಲಿ. 112ಕ್ಕೆ ಅಪಘಾತದ ಕರೆ ಬಂದಾಗ ನಂಬರ್ ಹಾಕಿದೊಡನೆ ಇಂಧನದ ವಿವರ ತೆರೆಯ ಮೇಲೆ ಬರುವಂತೆ ವಾಹನ್ ದಾಖಲೆಯನ್ನು ಜೋಡಿಸಲಿ, ಆ ವಿವರ ಅಗ್ನಿಶಾಮಕ ಠಾಣೆಗೆ ಗಾಡಿ ಹೊರಡುವ ಮೊದಲೇ ತಲುಪಲಿ.

ಇತಿ,
ಒಬ್ಬ ಓದುಗ
ಬೆಂಗಳೂರು